ಗಾಂಜಾ ಪರೀಕ್ಷೆಯ ರಕ್ತ ಕೆಡದಂತೆ ಇಡುವುದು ಹೇಗೆ

ಗಾಂಜಾ ಸೇದಿದ ಕೆಲವೇ ನಿಮಿಷಗಳಲ್ಲಿ ರಕ್ತದ ಟಿಎಚ್‌ಸಿ (ಗಾಂಜಾದಲ್ಲಿ ಅಮಲೇರಿಸುವ ಅಂಶ) ಗರಿಷ್ಠ ಮಟ್ಟಕ್ಕೇರಿ, ಬೇಗನೆ ಇಳಿದುಬಿಡುತ್ತದೆ. ಒಂದಷ್ಟು ಕೊಬ್ಬಿಗೆ ಸೇರುತ್ತದೆ. ಉಳಿದದ್ದನ್ನು ಯಕೃತ್ತು ಮೊದಲು 11-ಹೈಡ್ರಾಕ್ಸಿ-ಟಿಎಚ್‌ಸಿಯಾಗಿ, ಆಮೇಲೆ ಕಾರ್ಬಾಕ್ಸಿ-ಟಿಎಚ್‌ಸಿಯಾಗಿ ಬದಲಿಸುತ್ತದೆ. ಮೊದಲನೆಯದಕ್ಕೂ ಅಮಲಿದೆ, ಎರಡನೆಯದಕ್ಕೆ ಇಲ್ಲ, ಆದರೆ ಅದು ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಭಂಗಿ ಕುಡಿದವರಲ್ಲಿ ಟಿಎಚ್‌ಸಿ ನಿಧಾನವಾಗಿ ಏರುತ್ತದೆ, 11-ಹೈಡ್ರಾಕ್ಸಿಯ ಪಾಲು ಹೆಚ್ಚಿರುತ್ತದೆ. ರಕ್ತ ಟ್ಯೂಬಿಗೆ ಬಂದ ಮೇಲೆ ಯಕೃತ್ತಿನ ಈ ಕೆಲಸ ಇರುವುದಿಲ್ಲ, ಆದರೆ ಬೇರೆ ಕಾರಣಗಳಿಂದ ಅಂಕಿಗಳು ಬದಲಾಗುತ್ತಲೇ ಇರುತ್ತವೆ.

ತೋಳಿನ ರಕ್ತನಾಳದಿಂದ ಎರಡು ಗ್ರೇ ಮುಚ್ಚಳದ ಗಾಜಿನ ಟ್ಯೂಬುಗಳಿಗೆ ರಕ್ತ ತೆಗೆಯಿರಿ. 10 ಮಿ.ಲೀ. ಟ್ಯೂಬಿನಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ ಸೋಡಿಯಂ ಫ್ಲೋರೈಡ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ 20 ಮಿ.ಗ್ರಾಂ ಪೊಟ್ಯಾಸಿಯಂ ಆಕ್ಸಲೇಟ್ ಇರುತ್ತದೆ. ಗುರುತಿನವರೆಗೂ ತುಂಬಿಸಿ, ಅರ್ಧ ಟ್ಯೂಬಿನಲ್ಲಿ ಗಾಳಿ ಹೆಚ್ಚು, ಆಕ್ಸಿಡೀಕರಣವೂ ಹೆಚ್ಚು. ಕೂಡಲೇ 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ, ಅಲುಗಾಡಿಸಬೇಡಿ. ತಲೆಕೆಳಗು ಮಾಡುವುದನ್ನು ಬಿಟ್ಟರೆ ರಕ್ತ ಹೆಪ್ಪುಗಟ್ಟುತ್ತದೆ. ಟಿಎಚ್‌ಸಿ ಹೆಚ್ಚಾಗಿ ಪ್ಲಾಸ್ಮಾದಲ್ಲೇ (ರಕ್ತಕಣಗಳನ್ನು ಬಿಟ್ಟ ದ್ರವಭಾಗ) ಇರುವುದರಿಂದ, ಹೆಪ್ಪಿನ ಮೇಲಿನ ತಿಳಿಯನ್ನು ಪಿಪೆಟ್ಟಿನಲ್ಲಿ ಎಳೆದರೆ ಅಂಕಿ ಸುಳ್ಳೇ ಏರುತ್ತದೆ.

ಫ್ಲೋರೈಡ್ ಹಾಕಿದ್ದೇವೆ, ಇನ್ನೇನು ಚಿಂತೆ ಎನ್ನುವುದು ತಪ್ಪು. ಅದು ಕಿಣ್ವ, ಸೂಕ್ಷ್ಮಾಣುಗಳನ್ನು ತಡೆಯುತ್ತದೆ, ಅಷ್ಟೇ. ಎಣ್ಣೆ ಗುಣದ ಟಿಎಚ್‌ಸಿ ಪ್ಲಾಸ್ಟಿಕ್ಕಿಗೂ ರಬ್ಬರ್ ಮುಚ್ಚಳಕ್ಕೂ ಅಂಟಿಕೊಳ್ಳುವುದನ್ನು ಅದು ತಡೆಯಲಾರದು. ಅದಕ್ಕೇ ಗಾಜು ಬೇಕು, ಟ್ಯೂಬನ್ನು ನೆಟ್ಟಗೆ ನಿಲ್ಲಿಸಬೇಕು, ಬೆಳಕಿನಿಂದ ದೂರವಿಡಬೇಕು.

ಠಾಣೆಯ ಮೇಜಿನ ಮೇಲೋ ಜೀಪಿನಲ್ಲೋ ಉಳಿದ ಮಾದರಿಗೇ ಹೆಚ್ಚು ಹಾನಿ. ಸಾಗಿಸುವಾಗ ಐಸ್ ಪ್ಯಾಕ್ ಇರಲಿ. ಕೆಲವು ದಿನಗಳಿಗೆ 4 ಡಿಗ್ರಿ ಸಾಕು. ತಡವಾಗುವುದಾದರೆ ಮೈನಸ್ 20, ವರ್ಷಗಟ್ಟಲೆ ಇಡುವುದಾದರೆ ಮೈನಸ್ 80. ಮೈನಸ್ 20ರಲ್ಲೂ ತಿಂಗಳುಗಳು ಕಳೆದಂತೆ ಟಿಎಚ್‌ಸಿ ಇಳಿಯಬಹುದು. ಹಿಮ ತಾನೇ ಕರಗಿಸಿಕೊಳ್ಳುವ ಮನೆಬಳಕೆಯ ಫ್ರೀಜರ್ ಬೇಡ, ಅದರ ತಾಪ ಏರಿಳಿಯುತ್ತಲೇ ಇರುತ್ತದೆ. ಕಂಠಮಟ್ಟ ತುಂಬಿದ ಗಾಜು ಹೆಪ್ಪುಗಟ್ಟುವಾಗ ಸೀಳುತ್ತದೆ. ಫ್ರೀಜರಿಗೆ ಇಡುವ ಮೊದಲೇ ಸಣ್ಣ ಗಾಜಿನ ಶೀಷೆಗಳಿಗೆ ಹಂಚಿಟ್ಟರೆ ಪ್ರತಿ ಸಲ ಒಂದನ್ನಷ್ಟೇ ಕರಗಿಸಬಹುದು. ಫ್ರೀಜರಿನಲ್ಲಿ ಒಮ್ಮೆ ಹೆಪ್ಪುಗಟ್ಟಿದ ರಕ್ತದಲ್ಲಿ ಕೆಂಪುಕಣಗಳು ಒಡೆದಿರುತ್ತವೆ. ಆಮೇಲೆ ಪ್ಲಾಸ್ಮಾ ಬೇರ್ಪಡಿಸಲಾಗದು.

ಹೆಚ್ಚು ಎಡವುವುದು ಕಾರ್ಬಾಕ್ಸಿ ವಿಷಯದಲ್ಲಿ. ರಕ್ತದಲ್ಲಿ ಅದರ ದೊಡ್ಡ ಪಾಲು ಗ್ಲುಕುರೊನಿಕ್ ಆಮ್ಲ ಎಂಬ ಸಕ್ಕರೆ ಬಗೆಯ ಆಮ್ಲಕ್ಕೆ ಕಟ್ಟಿಕೊಂಡು, ಗ್ಲುಕುರೊನೈಡ್ ರೂಪದಲ್ಲಿರುತ್ತದೆ. ಆ ಕಟ್ಟು ಶಾಖಕ್ಕೂ ಕ್ಷಾರಕ್ಕೂ ಬಿಚ್ಚುತ್ತದೆ. ಹೊರಗಿಟ್ಟ ಮಾದರಿಯಲ್ಲಿ ಟಿಎಚ್‌ಸಿ ಇಳಿಯುತ್ತಿರುವಾಗಲೇ ಬಿಡಿ ಕಾರ್ಬಾಕ್ಸಿ ಏರುವುದು ಇದರಿಂದಲೇ. ಅದನ್ನು ಹೊಸದಾಗಿ ಸೇದಿದ್ದಕ್ಕೆ ಗುರುತೆಂದು ಓದಬಾರದು. ಮಾದರಿಯ ಒಂದು ಪಾಲನ್ನು ಹಾಗೆಯೇ, ಇನ್ನೊಂದನ್ನು ಕ್ಷಾರದಿಂದ ಕಟ್ಟು ಬಿಡಿಸಿ ಅಳೆಯಿರಿ. ಮೊದಲಿನ ಅಳತೆಗಿಂತ ಬಿಡಿಯದು ಏರಿ, ಒಟ್ಟು ಹೆಚ್ಚುಕಡಿಮೆ ಹಾಗೇ ಇದ್ದರೆ ಬದಲಾವಣೆ ಶೀಷೆಯೊಳಗಿನದು. ಬಿಡಿಯದನ್ನು ಅಳೆಯುವ ಪಾಲಿಗೆ ಹೊರತೆಗೆಯುವ ಹಂತದಲ್ಲೂ ಕ್ಷಾರ ಸೋಕಬಾರದು.

ಡ್ಯುಟೇರಿಯಂ (ಭಾರ ಹೈಡ್ರೋಜನ್) ಸೇರಿದ ಆಂತರಿಕ ಮಾನಕ, ಅಂದರೆ ಪರೀಕ್ಷೆಯಲ್ಲಾಗುವ ನಷ್ಟ ತಿಳಿಯಲು ಬೆರೆಸುವ ಗೊತ್ತಾದ ಪ್ರಮಾಣದ ಟಿಎಚ್‌ಸಿ, ಹಾಕಿದರೆ ಎಲ್ಲ ನಷ್ಟವೂ ಸರಿಹೋಯಿತು ಎಂದುಕೊಳ್ಳಬೇಡಿ. ಅದು ಪರೀಕ್ಷೆಯ ದಿನ ಬೆರೆಸಿದ್ದು. ಅದಕ್ಕೂ ಮೊದಲು ಗೋಡೆಗೆ ಅಂಟಿದ್ದು, ಕೊಳೆತದ್ದು ಅದಕ್ಕೆ ಕಾಣದು. ಹಳೆಯ ಮಾದರಿಯಲ್ಲಿ ಟಿಎಚ್‌ಸಿ ಸಿಗದಿದ್ದರೆ, ರಕ್ತ ತೆಗೆದ ಹೊತ್ತಿನಲ್ಲೂ ಇರಲಿಲ್ಲ ಎಂದು ಬರೆಯುವಂತಿಲ್ಲ. ಉಳಿದ ಅಂಕಿಯಿಂದ ಲೆಕ್ಕ ಹಾಕಿ ಮೂಲ ಪ್ರಮಾಣ ಹೇಳುವುದೂ ಸಲ್ಲದು. ರಕ್ತ ತೆಗೆದ, ಫ್ರಿಜ್ಜಿಗಿಟ್ಟ, ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದ, ಕರಗಿಸಿದ ಸಮಯಗಳೂ ಟ್ಯೂಬಿನ ಬಗೆಯೂ ವರದಿಯಲ್ಲಿ ಅಂಕಿಯ ಪಕ್ಕದಲ್ಲೇ ಇರಲಿ.