ಮೀಟಿಂಗ್ ಹುಡುಕುವಾಗ ನಾನು ಮೊದಲು ನೋಡಿದ್ದು ಗಂಟೆ

ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ತಮ್ಮ ಕತೆ ಹೇಳಿಕೊಳ್ಳುವ ಮೀಟಿಂಗ್ ಇರುತ್ತವೆ. "ಕುಡಿತ ಬಿಡಬೇಕು, ಯಾವ ಮೀಟಿಂಗ್‌ಗೆ ಹೋಗಲಿ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: "ದಿನಾ ಎಷ್ಟು ಹೊತ್ತಿಗೆ ಕುಡಿಯೋಕೆ ಶುರು ಮಾಡ್ತೀರಿ?" ನನ್ನದು ಸಂಜೆ, ಕೆಲಸ ಮುಗಿದ ತಕ್ಷಣ. ಆ ಒಂದೆರಡು ಗಂಟೆ ದಾಟಿಬಿಟ್ಟರೆ ರಾತ್ರಿ ಹೇಗೋ ಕಳೆಯುತ್ತಿತ್ತು. ಹಾಗಾಗಿ ಸರಿಯಾಗಿ ಆ ಹೊತ್ತಿಗೇ ನಡೆಯುವ, ಕೆಲಸದಿಂದ ನೇರ ಹೋಗಬಹುದಾದ ಮೀಟಿಂಗ್ ಬೇಕಿತ್ತು. ಮನೆಗೆ ಹೋಗಿ ಬಟ್ಟೆ ಬದಲಿಸಿ ಬರ್ತೀನಿ ಅಂದರೆ ಮುಗೀತು, ಅಲ್ವಾ?

ಇದಕ್ಕೂ ಮೊದಲು ಡಾಕ್ಟರನ್ನು ಕಂಡಿದ್ದೆ. ಇದನ್ನು ಯಾರೂ ತಪ್ಪಿಸಬಾರದು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಕೈ ನಡುಗುತ್ತದೆ, ಮೈ ಬೆವರುತ್ತದೆ. ಕೆಲವರಿಗೆ ಮೊದಲ ಎರಡು-ಮೂರು ದಿನಗಳಲ್ಲೇ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು. ಪ್ರಾಣವೇ ಹೋದದ್ದೂ ಉಂಟು. ಅದಕ್ಕೆ ಮದ್ದು ಮೀಟಿಂಗ್‌ನಲ್ಲಿ ಸಿಗಲ್ಲ.

ಹೆಚ್ಚಿನವರಂತೆ ನಾನೂ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಅನ್ನುವ, ಕುಡಿತ ಬಿಡುವವರದೇ ಸಂಘದಿಂದ ಶುರು ಮಾಡಿದೆ. ಕಾರಣ ಸರಳ: ಅದರ ಮೀಟಿಂಗ್‌ಗಳು ಎಲ್ಲಕ್ಕಿಂತ ಜಾಸ್ತಿ. ಆಯಾ ದೇಶದ ಎಎ ಜಾಲತಾಣದಲ್ಲಿ ಪಟ್ಟಿ ಇರುತ್ತದೆ. ಕೆಲವು ದೇಶಗಳಲ್ಲಿ ಮೀಟಿಂಗ್ ಗೈಡ್ ಅನ್ನುವ ಅವರದೇ ಉಚಿತ ಆ್ಯಪ್ ಹತ್ತಿರದ ಜಾಗ, ಹೊತ್ತು ತೋರಿಸುತ್ತದೆ. ಆದರೆ ಪಟ್ಟಿಯನ್ನೇ ನಂಬಿ ಹೊರಡಬೇಡಿ. ಗುಂಪು ಜಾಗ ಬದಲಿಸಿರುತ್ತದೆ, ಹೊತ್ತು ಬದಲಾಗಿರುತ್ತದೆ. ಧೈರ್ಯ ಮಾಡಿ ಹೋದ ಮೊದಲ ದಿನವೇ ಬೀಗ ಕಂಡರೆ, ಕಾಲು ತಾನಾಗಿ ಹಳೇ ದಾರಿ ಹಿಡಿಯುತ್ತದೆ.

ಅದಕ್ಕೇ ಹೆಲ್ಪ್‌ಲೈನ್‌ಗೆ ಫೋನ್ ಮಾಡಿದೆ. ಎತ್ತಿದವರು ಹೆಸರು ಕೇಳಲಿಲ್ಲ. "ನಾನೂ ಕುಡಿಯುತ್ತಿದ್ದವನೇ" ಅಂದರು. ನಾನು ಕೇಳಿದ್ದು ಇಷ್ಟೇ: ಮೀಟಿಂಗ್ ಈಗಲೂ ನಡೀತಿದೆಯಾ, ಬಾಗಿಲು ಯಾವ ಕಡೆ, ಓಪನ್ನಾ ಕ್ಲೋಸ್ಡಾ. ಬಾಗಿಲಿನ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಇವು ಬಹಳಷ್ಟು ಯಾವುದೋ ಕಟ್ಟಡದ ಒಂದು ಕೋಣೆಯಲ್ಲಿ ನಡೆಯುತ್ತವೆ, ದೊಡ್ಡ ಬೋರ್ಡು ಇರಲ್ಲ. ಹೊರಗೆ ನಿಂತು ದಾರಿ ಕೇಳುವ ಮುಜುಗರ ನನಗೆ ಬೇಡವಾಗಿತ್ತು. ಅವರೇ "ಬೇಗ ಬನ್ನಿ, ಒಬ್ಬರು ಬಾಗಿಲಲ್ಲಿ ಇರ್ತಾರೆ" ಅಂದರು. ಇದ್ದರು.

ಓಪನ್ ಮೀಟಿಂಗ್‌ಗೆ ಯಾರು ಬೇಕಾದರೂ ಬರಬಹುದು, ಮನೆಯವರೂ ಸೇರಿ. ಕ್ಲೋಸ್ಡ್ ಇರುವುದು ಕುಡಿತದ ಸಮಸ್ಯೆ ಇರುವವರಿಗೆ, ಬಿಡಬೇಕು ಅನ್ನುವವರಿಗೆ ಮಾತ್ರ. ಹೊಸಬರು ಓಪನ್‌ನಿಂದಲೇ ಶುರು ಮಾಡಲಿ ಅಂತ ಹಲವರು ಹೇಳುತ್ತಾರೆ. ನನಗೆ ಕ್ಲೋಸ್ಡೇ ಹಿಡಿಸಿತು, ಅಲ್ಲಿ ಸುಮ್ಮನೆ ನೋಡೋಕೆ ಬಂದವರು ಇರಲ್ಲ. ಸದಸ್ಯನಾಗಲು ಬೇಕಾದ್ದು ಕುಡಿತ ಬಿಡುವ ಆಸೆ ಒಂದೇ. ಫೀಸಿಲ್ಲ, ಫಾರಂ ಇಲ್ಲ.

ಒಳಗೆ ಏನಾಗುತ್ತದೆ ಅನ್ನುವ ಭಯವೇ ಜಾಸ್ತಿ ಜನರನ್ನು ತಡೆಯುವುದು. ಆಗಿದ್ದು ಇಷ್ಟು. ಒಬ್ಬರು ಓದಿ ಶುರು ಮಾಡಿದರು. ಆಮೇಲೆ ಒಬ್ಬೊಬ್ಬರೇ ಮೊದಲ ಹೆಸರು ಮಾತ್ರ ಹೇಳಿ ತಮ್ಮ ಕತೆ ಹೇಳಿದರು. ನಡುವೆ ಯಾರೂ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ನನ್ನ ಸರದಿ ಬಂದಾಗ "ಇವತ್ತು ಕೇಳ್ತೀನಿ" ಅಂದೆ. "ಸರಿ" ಅಂದು ಮುಂದಿನವರಿಗೆ ಹೋದರು. ಕಾಣಿಕೆಯ ತಟ್ಟೆ ಬಂತು, ಪಕ್ಕದವರು "ಹೊಸಬರು ಹಾಕೋದು ಬೇಡ" ಅಂತ ದಾಟಿಸಿದರು. ಒಂದು ಗಂಟೆಯೊಳಗೆ ಮುಗಿಯಿತು. ಹೊರಡುವಾಗ ಕೆಲವರು ಫೋನ್ ನಂಬರ್ ಬರೆದ ಚೀಟಿ ಕೈಗಿಟ್ಟರು. ನನ್ನ ಪ್ರಕಾರ ಇಡೀ ಮೀಟಿಂಗ್‌ಗಿಂತ ಆ ಚೀಟಿಯೇ ಹೆಚ್ಚು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಭೇಟಿಯಿಂದ ಎಎ ಹುಟ್ಟಿದ್ದೂ ಹೀಗೇ: ಕುಡಿಯಬೇಕು ಅನ್ನಿಸಿದಾಗ ವಿಲ್ಸನ್ ಇನ್ನೊಬ್ಬ ಕುಡುಕನನ್ನು ಹುಡುಕಿ ಫೋನ್ ಮಾಡುತ್ತಾ ಹೋದ.

ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಒಂದೇ ಸಂಸ್ಥೆಯ ಎರಡು ಗುಂಪುಗಳೂ ಬೇರೆ ಬೇರೆ ಥರ ಇರುತ್ತವೆ. ಒಂದು ಕಡೆ ಬರೀ ಹನ್ನೆರಡು ಹೆಜ್ಜೆಗಳ, ಅಂದರೆ ಕುಡಿತ ಬಿಡಲು ಎಎ ಹೇಳುವ ದಾರಿಯ ಓದು, ಇನ್ನೊಂದು ಕಡೆ ಬರೀ ಮಾತು. ಆ ಹೆಜ್ಜೆಗಳಲ್ಲಿ ಬರುವ ದೇವರ ಪ್ರಸ್ತಾಪ ಕಿರಿಕಿರಿ ಅನ್ನಿಸಿದರೆ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಇದೆ. ಅಲ್ಲಿ ಹೆಜ್ಜೆಗಳಿಲ್ಲ, ಆಸೆ ಬಂದಾಗ ಯೋಚನೆಯನ್ನು ಹೇಗೆ ತಿರುಗಿಸುವುದು ಅನ್ನುವ ಅಭ್ಯಾಸ ಇದೆ. ಹೆಂಗಸರಿಗೆ ವಿಮೆನ್ ಫಾರ್ ಸೊಬ್ರೈಟಿ, ಮನೆಯವರಿಗೆ ಅಲ್-ಅನಾನ್. ಯಾವುದು ಒಳ್ಳೇದು ಅನ್ನುವ ಜಗಳಕ್ಕೆ ನಾನು ಹೋಗಲ್ಲ. ನಾಳೆಯೂ ಹೋಗಬೇಕು ಅನ್ನಿಸಿದ್ದೇ ಒಳ್ಳೇದು.

ವಾರದಲ್ಲಿ ಕೆಲವು ದಿನ ನನ್ನ ಹೊತ್ತಿಗೆ ಹತ್ತಿರದಲ್ಲಿ ಮೀಟಿಂಗ್ ಇರಲಿಲ್ಲ. ಆ ಸಂಜೆಗಳಿಗೆ ಆನ್‌ಲೈನ್ ಮೀಟಿಂಗ್ ಹಿಡಿದೆ. ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಆ ಹೊತ್ತಿಗೆ ನಡೆಯುತ್ತಲೇ ಇರುತ್ತದೆ. ಕ್ಯಾಮೆರಾ ಆಫ್ ಮಾಡಿ ಕೂತರೂ ಯಾರೂ ಏನೂ ಅನ್ನಲ್ಲ. ಸುತ್ತಮುತ್ತ ಎಲ್ಲೂ ಗುಂಪೇ ಇಲ್ಲದವರಿಗೂ ದಾರಿ ಇದೆ. ಕುಡಿತ ಬಿಡಲೆಂದು ಇಬ್ಬರು-ಮೂವರು ಒಂದು ಕಡೆ ಕೂತರೆ ಎಎ ಲೆಕ್ಕದಲ್ಲಿ ಅದೇ ಒಂದು ಗುಂಪು, ಯಾರ ಅಪ್ಪಣೆಯೂ ಬೇಕಿಲ್ಲ.