ಮೈಟರ್ ಸಾ ಕೋನ ತಪ್ಪಿದರೆ ಫೆನ್ಸ್ ಮುಟ್ಟುವುದು ಕೊನೆಗೆ: ನನ್ನ ಅನುಭವ

ಮೈಟರ್ ಸಾ ಎಂದರೆ ಪಟ್ಟಿಗಳನ್ನು ಬೇಕಾದ ಕೋನಕ್ಕೆ ಕತ್ತರಿಸುವ ಗರಗಸದ ಯಂತ್ರ, ಪಟ್ಟಿಯನ್ನು ಆನಿಸಲು ಅದರಲ್ಲಿರುವ ಗೋಡೆಯೇ ಫೆನ್ಸ್. ಮೂಲೆಯಲ್ಲಿ ಸಂದು ಕಂಡ ಕೂಡಲೇ ಅಲನ್ ಕೀ ತೆಗೆದುಕೊಂಡು ಫೆನ್ಸ್ ಬೋಲ್ಟ್ ಸಡಿಲಿಸುವುದು ನಮ್ಮ ಕಸುಬಿನವರ ರೂಢಿ. ಬಾಗಿಲಿಗೆ ಪಟ್ಟಿ ಹೊಡೆಯುವವರು, ಫೋಟೊಗೆ ಕಟ್ಟು ಹಾಕುವವರು, ಕಿಟಕಿಗೆ ಅಲ್ಯೂಮಿನಿಯಂ ಸೆಕ್ಷನ್ ಕತ್ತರಿಸುವವರು, ದಾವಣಗೆರೆಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನನ್ನ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ಮೊದಲು ಪ್ಲಗ್ಗಿಗೆ ಬರುವ ಕರೆಂಟು, ಆಮೇಲೆ ಬ್ಲೇಡ್ ಕೂರುವ ಜಾಗ, ಆಮೇಲೆ ಬ್ಲೇಡನ್ನು ಕೆಳಗಿಳಿಸುವ ತೋಳಿನ ಕೀಲು ಮತ್ತು ತಿರುಗುವ ಟೇಬಲ್, ಇವೆಲ್ಲ ಸರಿಯಾದ ಮೇಲೆ ಕಟ್ಟಕಡೆಗೆ ಫೆನ್ಸ್. ಗುಜರಿಗೆ ಹೋಗಬೇಕೆಂದು ನಾಲ್ಕು ಜನ ತೀರ್ಮಾನ ಕೊಟ್ಟಿದ್ದ ನನ್ನ ಹತ್ತು ಇಂಚಿನ ಯಂತ್ರ ಈ ಕ್ರಮದಿಂದಲೇ ಸರಿಹೋಯಿತು. ಇವತ್ತು ಅದು ಕತ್ತರಿಸಿದ ಸಾಗುವಾನಿ ಪಟ್ಟಿಗಳ ಮೂಲೆಗೆ ನಾನು ಪುಟ್ಟಿ ತುಂಬುವುದಿಲ್ಲ, ಪಾಲಿಶ್ ಮಾತ್ರ ಹೊಡೆಯುತ್ತೇನೆ.

ಯಂತ್ರ ಸುಮಾರು 1,650 ವಾಟಿನದು, ಕೊಂಡಾಗ ಇಪ್ಪತ್ತು ಸಾವಿರದ ಆಸುಪಾಸು ಬಿದ್ದಿತ್ತು. ಕೆಲವು ವರ್ಷ ಚೆನ್ನಾಗಿ ದುಡಿಯಿತು. ಆಮೇಲೆ ಒಮ್ಮೆ 45 ಡಿಗ್ರಿಯ ಕೂಡಿಕೆ ಒಳಮೂಲೆಯಲ್ಲಿ ಸಂದು ಬಿಡುವುದು, ಇನ್ನೊಮ್ಮೆ ಅದೇ ಗುರುತಿನಲ್ಲಿ ಹೊರಮೂಲೆಯಲ್ಲಿ ಬಿಡುವುದು ಶುರುವಾಯಿತು. ರಿಪೇರಿಯವರೊಬ್ಬರಿಗೆ ಕೊಟ್ಟೆ. ಅವರು ಬೇರಿಂಗ್ ಬದಲಿಸಿದರು, ಸಂದು ಹೋಗಲಿಲ್ಲ. ಆರ್ಮೇಚರ್ (ಮೋಟರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಹೋಗಿದೆ ಎಂದು ಅದನ್ನೂ ಬದಲಿಸಿದರು, ಆಗಲೂ ಹೋಗಲಿಲ್ಲ. ಎರಡೂ ಸೇರಿ ಮೂರುವರೆ ಸಾವಿರದ ಹತ್ತಿರ ಹೋಯಿತು. ಎಂಬತ್ತು ಹಲ್ಲಿನ ಹೊಸ ಬ್ಲೇಡಿಗೆ ಮತ್ತೆರಡು ಸಾವಿರ ಹಾಕಿದೆ. ಒಂದು ವಾರ ಕಟಿಂಗ್ ನುಣುಪಾಗಿ ಬಂತು, ಕೋನ ಮಾತ್ರ ಹಾಗೆಯೇ ಓಡಾಡಿತು. ‘ಗುಜರಿಗ್ ಹಾಕ್ರಿ ಅಣ್ಣಾ, ಇದ್ರಾಗೆ ಇನ್ನೇನೂ ಉಳ್ದಿಲ್ಲ’ ಎಂದು ಅವರು ಹೇಳಿದ ಮೇಲೆಯೇ ನಾನು ಯಂತ್ರವನ್ನು ಮನೆಗೆ ತಂದು ಪೂರ್ತಿ ಬಿಚ್ಚಿ ನೋಡಿದ್ದು.

ಬಿಚ್ಚುವ ಮೊದಲು ತಪ್ಪು ಎಷ್ಟಿದೆ ಎಂದು ತಿಳಿಯಬೇಕು. ಟೇಬಲ್ಲಿನ ಮೇಲೆ ಕೊರೆದ ಡಿಗ್ರಿ ಗೆರೆಯನ್ನು ನಂಬಿ ಇದನ್ನು ಅಳೆಯಲಾಗದು. ನಾಲ್ಕು ಬದಿಯ ಒಂದು ಚೌಕಟ್ಟಿಗೆ ಎಂಟು ಸಲ ಕತ್ತರಿಸಬೇಕು. ಒಂದೊಂದು ಸಲ ಕತ್ತರಿಸುವಾಗ 0.1 ಡಿಗ್ರಿ ಒಂದೇ ಕಡೆಗೆ ತಪ್ಪಿದರೂ ಕೊನೆಯ ಮೂಲೆಗೆ ಬರುವಷ್ಟರಲ್ಲಿ ಅದು 0.8 ಡಿಗ್ರಿಯಾಗಿರುತ್ತದೆ. ಎರಡು ಇಂಚು ಅಗಲದ ಪಟ್ಟಿಯಲ್ಲಿ ಇದು ಹತ್ತಿರ ಹತ್ತಿರ ಒಂದು ಮಿಲಿಮೀಟರ್ ಸಂದು. ಗೃಹಪ್ರವೇಶಕ್ಕೆ ಬಂದ ನೆಂಟರಿಗೂ ಕಾಣುವಷ್ಟು. ಆದ್ದರಿಂದ ನಾನು ಬೇಡದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಟ್ಟಿಯಲ್ಲಿ ಒಂದು ಚೌಕಟ್ಟು ಕತ್ತರಿಸಿ, ಮೂರು ಮೂಲೆಗಳನ್ನು ಬಿಗಿಯಾಗಿ ಕೂಡಿಸಿ, ನಾಲ್ಕನೆಯ ಮೂಲೆಯ ಸಂದನ್ನು ಫೀಲರ್ ಗೇಜಿನಿಂದ (ಸಂದಿಗೆ ತೂರಿಸಿ ಅಳೆಯುವ ತೆಳು ಉಕ್ಕಿನ ಎಲೆಗಳು) ಅಳೆಯುತ್ತೇನೆ. ಒಂದರ ಹಿಂದೊಂದರಂತೆ ಕೆಲವು ಚೌಕಟ್ಟು ಮಾಡಿದಾಗ ಪ್ರತಿಸಲವೂ ಅಷ್ಟೇ ಸಂದು ಬಂದರೆ ದೋಷ ಫೆನ್ಸಿನದೋ, ಟೇಬಲ್ಲು 45ರಂಥ ಕೋನಗಳಲ್ಲಿ ಸಿಕ್ಕಿ ನಿಲ್ಲಲು ಕಚ್ಚುಗಳಿರುವ ಡಿಟೆಂಟ್ ಪ್ಲೇಟಿನದೋ ಇರುತ್ತದೆ. ಸಂದು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬಂದರೆ ಏನೋ ಅಲುಗಾಡುತ್ತಿದೆ ಎಂದರ್ಥ, ಆಗ ಫೆನ್ಸ್ ತಿರುಗಿಸಿ ಏನೂ ಪ್ರಯೋಜನವಿಲ್ಲ. ನನ್ನದು ಎರಡನೆಯ ಜಾತಿಯದು.

ಕರೆಂಟಿನಿಂದ ಶುರುಮಾಡಿದಾಗ ಪಕ್ಕದ ಅಂಗಡಿಯವರು ನಂಬಲೇ ಇಲ್ಲ. ಯಂತ್ರ ಓಡುತ್ತಿರುವಾಗ ಕರೆಂಟಿಗೂ ಕೋನಕ್ಕೂ ಏನು ಸಂಬಂಧ ಎಂಬುದು ಅವರ ಪ್ರಶ್ನೆ. ನನ್ನ ಶೆಡ್ಡಿಗೆ ಬೋರ್ಡಿನಿಂದ ಬರುತ್ತಿದ್ದುದು ತೆಳ್ಳನೆಯ ಮುಕ್ಕಾಲು ಚದರ ಎಂಎಂ ಎಕ್ಸ್‌ಟೆನ್ಶನ್ ವೈರು, ಮೂವತ್ತು ಮೀಟರಿನಷ್ಟು ಉದ್ದ, ಅದರಲ್ಲೂ ಅರ್ಧ ಸುರುಳಿಯಲ್ಲೇ ಇತ್ತು. ಯಂತ್ರ ಖಾಲಿ ಓಡುವಾಗ ಮಲ್ಟಿಮೀಟರ್ 220ರ ಮೇಲೆ ತೋರಿಸುತ್ತಿತ್ತು, ಬ್ಲೇಡ್ ಮರಕ್ಕೆ ಇಳಿಯುತ್ತಿದ್ದಂತೆ 200ಕ್ಕಿಂತ ಕೆಳಗೆ ಬೀಳುತ್ತಿತ್ತು. ಕಾರ್ಬನ್ ಬ್ರಷ್ ಇರುವ ಈ ಮೋಟರುಗಳಲ್ಲಿ ವೋಲ್ಟೇಜ್ ಬಿದ್ದರೆ ಸುತ್ತೂ ಬೀಳುತ್ತದೆ. ಸುತ್ತು ಬಿದ್ದಾಗ ಕೈ ತಾನಾಗಿಯೇ ಹ್ಯಾಂಡಲನ್ನು ಹೆಚ್ಚು ಒತ್ತುತ್ತದೆ, ಒತ್ತಿದಾಗ ತೆಳು ಬ್ಲೇಡು ಮರದ ಎಳೆ ಎತ್ತ ತಳ್ಳುತ್ತದೋ ಅತ್ತ ಬಾಗುತ್ತದೆ. ಹೊನ್ನೆ, ಮತ್ತಿಯಂಥ ಗಟ್ಟಿ ಮರದಲ್ಲಿ ಈ ಬಾಗು ಕಣ್ಣಿಗೇ ಕಾಣುತ್ತದೆ: ಕತ್ತರಿಸಿದ ಮುಖಕ್ಕೆ ಮೂಲೆಮಟ್ಟ ಹಿಡಿದರೆ ನಡುವೆ ಬೆಳಕು ಹಾಯುತ್ತದೆ. ಎರಡೂವರೆ ಚದರ ಎಂಎಂ ಮೂರೆಳೆಯ ತಾಮ್ರದ ವೈರು, 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ತಿಂಗು ಹಾಕಿಸಿ ದೂರವನ್ನೂ ಅರ್ಧಕ್ಕೆ ಇಳಿಸಿದೆ. ಎರಡು ಸಾವಿರದ ಸುತ್ತಮುತ್ತ ಖರ್ಚಾಯಿತು. ಸಂದಿನ ಓಡಾಟ ಅಲ್ಲಿಗೇ ಮೂರರಲ್ಲಿ ಒಂದು ಪಾಲು ತಗ್ಗಿತು. ಆರ್ಮೇಚರ್ ಸುಟ್ಟದ್ದಕ್ಕೂ ಈ ವೈರೇ ಕಾರಣವೆಂದು ನನ್ನ ನಂಬಿಕೆ, ಏಕೆಂದರೆ ಅದಾದ ಮೇಲೆ ಮೋಟರು ಒಮ್ಮೆಯೂ ಮುಟ್ಟಲಾಗದಷ್ಟು ಕಾದಿಲ್ಲ.

ಎರಡನೆಯದಾದ ಬ್ಲೇಡ್ ಕೂರುವ ಜಾಗದ ವಿಷಯವನ್ನು ನಾನು ಸ್ವಲ್ಪ ಉದ್ದಕ್ಕೇ ಬರೆಯಬೇಕು, ಏಕೆಂದರೆ ನಮ್ಮವರಲ್ಲಿ ಇದನ್ನು ನೋಡುವವರೇ ಇಲ್ಲ. ಬ್ಲೇಡಿನ ಎರಡೂ ಬದಿಗೆ ಕೂತು ಅದನ್ನು ಬಿಗಿಹಿಡಿಯುವ ಬಿಲ್ಲೆಗಳು, ಅಂದರೆ ಫ್ಲಾಂಜುಗಳು, ನನ್ನ ಯಂತ್ರದಲ್ಲಿ 45 ಮಿಲಿಮೀಟರ್ ಆಸುಪಾಸು ಅಗಲ ಇವೆ, ಬ್ಲೇಡು 255. ಅಂದರೆ ಫ್ಲಾಂಜಿನ ಅಂಚಿನಲ್ಲಿ ಏನಾದರೂ ಸಿಕ್ಕಿಕೊಂಡರೆ ಹಲ್ಲಿನ ತುದಿಯಲ್ಲಿ ಅದರ ಐದಾರು ಪಟ್ಟು ತೊನೆತ ಬರುತ್ತದೆ. ಒಳಗಿನ ಫ್ಲಾಂಜನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಾಗ ಅದರ ಮುಖದ ಮೇಲೆ ಕಂದು ಬಣ್ಣದ ಒಂದು ಚಕ್ಕೆ ಅಂಟಿತ್ತು. ಸಾಗುವಾನಿಯ ಎಣ್ಣೆಯೂ ಹುಡಿಯೂ ಬೆರೆತು ಬಿಸಿಗೆ ಬೆಂದು ಗಟ್ಟಿಯಾದ ಪದರ ಅದು, ಹೆಚ್ಚೆಂದರೆ ಕಿರುಬೆರಳಿನ ಉಗುರಿನಷ್ಟಿತ್ತು. ಅದರ ಎದುರು ಅಂಚಿನಲ್ಲಿ, ಯಾವಾಗಲೋ ಸ್ಪ್ಯಾನರ್ ಜಾರಿ ಬಿದ್ದ ಏಟಿಗೆ ಎದ್ದ ಸಣ್ಣ ಕಬ್ಬಿಣದ ಮುಳ್ಳು ಉಗುರಿಗೆ ತಾಗುತ್ತಿತ್ತು. ಹೊಸ ಬ್ಲೇಡಿಗೆ ಎರಡು ಸಾವಿರ ಸುರಿದರೂ ಉಪಯೋಗವಾಗದೇ ಇದ್ದದ್ದು ಇವೆರಡರಿಂದ.

ಚಕ್ಕೆಯನ್ನು ಮರದ ಕಡ್ಡಿಯಿಂದ ಎಬ್ಬಿಸಿ ಸೀಮೆಎಣ್ಣೆಯಲ್ಲಿ ಒರೆಸಿದೆ. ಮುಳ್ಳಿಗೆ ಅರ ಹಾಕಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಕೈಯಲ್ಲಿ ಅರ ಹಾಕಿದ ಮುಖ ಸಮನಾಗಿ ಉಳಿಯುವುದಿಲ್ಲ. ಲೇಥ್ ಕೆಲಸಕ್ಕೆ ನಮಗೆ ಹರಿಹರ ಹತ್ತಿರದಲ್ಲೇ ಇದೆ. ಮೈಸೂರು ಕಿರ್ಲೋಸ್ಕರ್ ಲೇಥ್ ತಯಾರಿಸುತ್ತಿದ್ದ ಊರು ಅದು, ಕಾರ್ಖಾನೆ ನಿಂತ ಮೇಲೂ ಅಲ್ಲಿ ಕೆಲಸ ಕಲಿತ ಕೈಗಳು ಊರಿನಲ್ಲಿ ಉಳಿದಿವೆ. ಅಂಥ ಹಿರಿಯರೊಬ್ಬರು ಫ್ಲಾಂಜನ್ನು ನೋಡಿ ‘ತಮ್ಮಾ, ಮುಖ ಸರಿ ಇಲ್ದಿದ್ರೆ ಬ್ಲೇಡಿಗೆ ಬೈದ್ರೆ ಏನ್ ಬಂತು’ ಎಂದವರೇ ಎರಡೂ ಫ್ಲಾಂಜುಗಳಿಗೆ ಕೂದಲೆಳೆಯಷ್ಟು ಫೇಸಿಂಗ್ ಹೊಡೆದು, ಅಂದರೆ ಮುಖ ಕೆತ್ತಿ ಸಮಮಾಡಿ ಕೊಟ್ಟರು. ಇನ್ನೂರು ರೂಪಾಯಿ ತೆಗೆದುಕೊಂಡರೆಂದು ನೆನಪು. ಸೂಕ್ಷ್ಮ ಅಲುಗಾಟ ತೋರಿಸುವ ಡಯಲ್ ಗೇಜನ್ನು ಮ್ಯಾಗ್ನೆಟ್ ಸ್ಟ್ಯಾಂಡಿಗೆ ಹಾಕಿ, ಪ್ಲಗ್ ಕಿತ್ತು, ಹಲ್ಲಿಗಿಂತ ಸ್ವಲ್ಪ ಕೆಳಗೆ ಬ್ಲೇಡಿನ ಮೈಗೆ ಗೇಜಿನ ತುದಿ ತಾಗಿಸಿ ಕೈಯಿಂದ ತಿರುಗಿಸಿದರೆ, ಮೊದಲು ಅರ್ಧ ಮಿಲಿಮೀಟರಿನ ಹತ್ತಿರ ಇದ್ದ ತೊನೆತ ಈಗ 0.1ಕ್ಕಿಂತ ಕೆಳಗೆ ಬಂದಿತ್ತು.

ತೊನೆತ ಬ್ಲೇಡಿನದೋ, ಅದನ್ನು ತಿರುಗಿಸುವ ದಂಡವಾದ ಸ್ಪಿಂಡಲಿನದೋ ಎಂದು ಗೊತ್ತುಮಾಡುವ ಬಗೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅತಿ ಹೆಚ್ಚು ಹೊರಬರುವ ಜಾಗಕ್ಕೆ ಬ್ಲೇಡಿನ ಮೇಲೂ ಫ್ಲಾಂಜಿನ ಮೇಲೂ ಸೀಮೆಸುಣ್ಣದ ಗುರುತು ಹಾಕಿ, ಬ್ಲೇಡನ್ನು ಸಡಿಲಿಸಿ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದು ಅಳೆಯಬೇಕು. ಎತ್ತರದ ಜಾಗ ಬ್ಲೇಡಿನ ಗುರುತಿನ ಜೊತೆ ಹೋದರೆ ಬ್ಲೇಡು ಸೊಟ್ಟ, ಫ್ಲಾಂಜಿನ ಗುರುತಿನಲ್ಲೇ ಉಳಿದರೆ ಫ್ಲಾಂಜು ಅಥವಾ ಸ್ಪಿಂಡಲು. ಎರಡರಲ್ಲೂ ಸ್ವಲ್ಪ ಸ್ವಲ್ಪ ಇದ್ದಾಗ ಒಂದರಿಂದ ಇನ್ನೊಂದನ್ನು ಕಳೆಯುವಂತೆ ಬ್ಲೇಡ್ ಕೂರಿಸುವ ಉಪಾಯವೂ ಇದೆ. ಅದನ್ನು ಎದುರಿಗೆ ಕುಳಿತು ಕಲಿಯಬೇಕು, ಬರಹದಲ್ಲಿ ಹೇಳುವುದಿಲ್ಲ.

ತೋಳಿನ ಕೀಲಿನ ಕೆಲಸ ಸುಲಭ. ಹ್ಯಾಂಡಲ್ ಹಿಡಿದು ಎಡಬಲಕ್ಕೆ ಅಲ್ಲಾಡಿಸಿದಾಗ ಗೇಜಿನ ಮುಳ್ಳು ಓಡಿದರೆ ಕೀಲಿನ ನಟ್ಟನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಬಿಗಿಯುತ್ತಾ ಹೋಗಬೇಕು. ಕೈಬಿಟ್ಟಾಗ ಸ್ಪ್ರಿಂಗು ತೋಳನ್ನು ತಾನಾಗಿ ಮೇಲೆತ್ತಬೇಕು, ಎತ್ತದಿದ್ದರೆ ಬಿಗಿ ಹೆಚ್ಚಾಗಿದೆ. ತಿರುಗುವ ಟೇಬಲ್ಲನ್ನು ಎತ್ತಿದಾಗ ಅಡಿಯಲ್ಲಿ ಹುಡಿ ಗಟ್ಟಿಯಾಗಿ ಕೂತಿತ್ತು, 45ರ ಡಿಟೆಂಟ್ ಕಚ್ಚಿನಲ್ಲೂ ಅದೇ ಹುಡಿ ತುಂಬಿ ನಾಲಿಗೆ ಪೂರ್ತಿ ಕೂರದೆ ಅರ್ಧಕ್ಕೇ ನಿಲ್ಲುತ್ತಿತ್ತು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಎಲ್ಲವನ್ನೂ ತೆಗೆದೆ.

ಅಲ್ಲಿಗೆ ಏನು ಹಚ್ಚಬೇಕು ಎಂಬುದರ ಬಗ್ಗೆ ನಾನು ಚಳಿಗಾಲದಿಂದ ಬೇಸಿಗೆಯವರೆಗೆ ಪ್ರಯೋಗ ಮಾಡಿದ್ದೇನೆ. ಹೊಲಿಗೆ ಯಂತ್ರದ ಎಣ್ಣೆ ಹಚ್ಚಿದರೆ ಎರಡು ದಿನ ಹಗುರವಾಗಿ ತಿರುಗಿ, ಮೂರನೆಯ ದಿನಕ್ಕೆ ಹುಡಿಯೊಂದಿಗೆ ಸೇರಿ ಅಂಟಾಗುತ್ತದೆ. ಗ್ರೀಸು ಇನ್ನೂ ಕೆಟ್ಟದ್ದು. ಮೇಣದಬತ್ತಿಯ ಮೇಣ ಚಳಿಗಾಲದಲ್ಲಿ ಬಹಳ ಚೆನ್ನಾಗಿತ್ತು, ಏಪ್ರಿಲ್ ಬಂದು ತಗಡಿನ ಶೆಡ್ಡು ಕಾದಾಗ ಮೆತ್ತಗಾಗಿ ಹುಡಿ ಹಿಡಿಯಿತು. ಕೇರಂ ಬೋರ್ಡಿಗೆ ಹಾಕುವ ಪುಡಿಯನ್ನೂ ಟೇಬಲ್ಲಿನ ಮೇಲೆ ಉದುರಿಸಿ ನೋಡಿದೆ. ಮರ ಜಾರಿದ್ದೇನೋ ನಿಜ, ಆದರೆ ಪುಡಿ ಡಿಟೆಂಟ್ ಕಚ್ಚಿಗೆ ಇಳಿದು ಮತ್ತೆ ಮೊದಲಿನ ತೊಂದರೆಯೇ ಬಂತು. ಕೊನೆಗೆ ನಿಂತದ್ದು ಗ್ರಾಫೈಟ್ ಪುಡಿ. ಅದನ್ನು ಟೇಬಲ್ಲಿನ ಅಡಿಗೆ ಮತ್ತು ಕೀಲಿಗೆ ಮಾತ್ರ ಹಾಕಬೇಕು, ಮೇಲ್ಮೈಗೆ ಹಾಕಿದರೆ ಮರ ಕಪ್ಪಾಗುತ್ತದೆ. ಮೋಟರಿನ ಹತ್ತಿರವಂತೂ ಸುಳಿಯಗೊಡಬಾರದು, ಗ್ರಾಫೈಟಿನಲ್ಲಿ ಕರೆಂಟು ಹರಿಯುತ್ತದೆ.

ಇಷ್ಟಾದ ಮೇಲೆ ಫೆನ್ಸ್. ಮೂಲೆಮಟ್ಟವನ್ನು ಬ್ಲೇಡಿನ ಮೈಗೆ ಆನಿಸಬೇಕು, ಹಲ್ಲಿಗೆ ತಾಗಿದರೆ ಅಳತೆಯೇ ಸುಳ್ಳಾಗುತ್ತದೆ. ಅಂಗಡಿಯಿಂದ ತಂದ ಮೂಲೆಮಟ್ಟವೇ ಸರಿ ಇರುತ್ತದೆಂದು ನಂಬಬೇಡಿ: ನೇರ ಅಂಚಿರುವ ಹಲಗೆಯ ಮೇಲೆ ಒಂದು ಗೆರೆ ಎಳೆದು, ಮಟ್ಟವನ್ನು ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೆದರೆ ಎರಡೂ ಒಂದಾಗಬೇಕು. ಕೊನೆಯ ತೀರ್ಪು ಮಾತ್ರ ಮರದ್ದೇ. ಐದಾರು ಇಂಚು ಅಗಲದ, ಎರಡೂ ಅಂಚು ಸಮಾನಾಂತರವಾಗಿರುವ ಪ್ಲೈ ತುಂಡನ್ನು ಸೊನ್ನೆ ಡಿಗ್ರಿಯಲ್ಲಿ, ಅಂದರೆ ನೇರ ಅಡ್ಡಕ್ಕೆ ಕತ್ತರಿಸಿ, ಒಂದು ಭಾಗವನ್ನು ಮಗುಚಿ, ಎರಡನ್ನೂ ನೇರ ಪಟ್ಟಿಗೆ ಒತ್ತಿ ಕತ್ತರಿಸಿದ ಮುಖಗಳನ್ನು ಕೂಡಿಸಿದರೆ ತಪ್ಪು ಎರಡರಷ್ಟಾಗಿ ಕಾಣುತ್ತದೆ. ಆ ಸಂದಿನಲ್ಲಿ ದಿನಪತ್ರಿಕೆಯ ಒಂದು ಪದರವೂ ನುಗ್ಗದಿದ್ದರೆ ನನಗೆ ಸಾಕು, ಅದರ ದಪ್ಪ 0.1 ಮಿಲಿಮೀಟರಿಗೂ ಕಡಿಮೆ. ಬೋಲ್ಟುಗಳನ್ನು ಬಿಗಿಯುವಾಗ ಫೆನ್ಸ್ ಜರುಗುವುದು ಎಲ್ಲರಿಗೂ ಗೊತ್ತಿರುವ ತಲೆನೋವು. ಯಾವುದನ್ನು ಮೊದಲು, ಎಷ್ಟು ಬಿಗಿಯಬೇಕು ಎಂಬ ನನ್ನ ಲೆಕ್ಕ ನನ್ನ ಹತ್ತಿರವೇ ಇರಲಿ. ಸೊನ್ನೆ ಸರಿಯಾದ ಮೇಲೂ 45ರಲ್ಲಿ ಚೌಕಟ್ಟು ಕೂಡದಿದ್ದರೆ ಡಿಟೆಂಟ್ ಪ್ಲೇಟಿನ ಸ್ಕ್ರೂ ಸಡಿಲಿಸಿ ಅದನ್ನೇ ಕೂದಲೆಳೆ ಸರಿಸಿ, ಸೊನ್ನೆಯನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು.

ಕಾರ್ಬನ್ನಿನ, ಅಂದರೆ ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಬ್ರಷ್ಷಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ದ ಆರು ಮಿಲಿಮೀಟರಿಗೆ ಇಳಿಯುವ ಮೊದಲೇ ಜೋಡಿಯಾಗಿ ಬದಲಿಸಿ, ಇನ್ನೂರು ರೂಪಾಯಿಯ ಒಳಗಿನ ಕೆಲಸ. ಹೊಸದನ್ನು ಹಾಕಿದ ಮೇಲೆ ಹತ್ತು ನಿಮಿಷ ಖಾಲಿ ಓಡಿಸಿ. ಆ ಕಾರ್ಬನ್ನು ಉಜ್ಜುವ ತಾಮ್ರದ ಭಾಗವಾದ ಕಮ್ಯುಟೇಟರ್ ಕಪ್ಪಾಗಿದ್ದರೆ ನುಣುಪಾದ ಮರಳು ಕಾಗದ ಬಳಸಬೇಕು, ಎಮೆರಿ ಬೇಡ, ಅದರ ಹುಡಿ ಸೀಳುಗಳಲ್ಲಿ ಕೂತು ಶಾರ್ಟ್ ಮಾಡಬಹುದು. ಅಲ್ಯೂಮಿನಿಯಂ ಕತ್ತರಿಸಿದ ದಿನವಂತೂ ಮೋಟರಿನ ಗಾಳಿಗಂಡಿಗೆ ಬ್ಲೋವರ್ ಹಿಡಿಯದೆ ಮನೆಗೆ ಹೋಗಬಾರದು.

ಬ್ಲೇಡ್ ತೊಳೆಯಲು ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಕರಗಿಸಿ ಹದಿನೈದು ನಿಮಿಷ ನೆನೆಸಿ, ಉಜ್ಜಿ, ತಕ್ಷಣ ಒಣಗಿಸಿದರೆ ಸಾಕು. ಅಂಟುವಾಳದ ನೀರಿನಲ್ಲೂ ರಾತ್ರಿಯಿಡೀ ನೆನೆಸಿ ನೋಡಿದ್ದೇನೆ, ಹೊಸ ಅಂಟು ಬಿಟ್ಟಿತು, ಸುಟ್ಟ ಅಂಟು ಬಿಡಲಿಲ್ಲ. ಕಾಸ್ಟಿಕ್ ಸೋಡಾ ಬೇಡ, ಹಲ್ಲಿನ ಕಾರ್ಬೈಡಿಗೂ ಬೆಸುಗೆಗೂ ಒಳ್ಳೆಯದಲ್ಲ. ಸಾಗುವಾನಿಯಲ್ಲಿ ಮರಳಿನ ಅಂಶವಿರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ. ಎಂಬತ್ತು ಹಲ್ಲಿಗೆ ಸಾಣೆ ಹಿಡಿಸಲು ಇನ್ನೂರು, ಇನ್ನೂರೈವತ್ತು ಆಗುತ್ತದೆ, ಒಳ್ಳೆಯ ಬ್ಲೇಡು ಮೂರ್ನಾಲ್ಕು ಸಾಣೆ ತಾಳುತ್ತದೆ. ಹೊಸದು ಕೊಳ್ಳುವವರು ಹಲ್ಲು ಹಿಂದಕ್ಕೆ ವಾಲಿರುವ, ಅಂದರೆ ನೆಗೆಟಿವ್ ಹುಕ್ ಇರುವ ಬ್ಲೇಡನ್ನೇ ಕೇಳಿ. ಟೇಬಲ್ ಸಾ ಬ್ಲೇಡ್ ಹಾಕಿದರೆ ಮರವನ್ನು ಎಳೆದುಕೊಳ್ಳುತ್ತದೆ. ಬ್ಲೇಡನ್ನು ಮುಚ್ಚುವ ಗಾರ್ಡು ಸಿಕ್ಕಿಕೊಳ್ಳುತ್ತದೆಂದು ತಂತಿಯಿಂದ ಮೇಲಕ್ಕೆ ಕಟ್ಟಿ ಕೆಲಸ ಮಾಡುವವರನ್ನು ನಾನು ಬಹಳ ನೋಡಿದ್ದೇನೆ. ಅದರ ಕೀಲನ್ನು ಬಿಚ್ಚಿ ಹುಡಿ ತೆಗೆಯಲು ಹತ್ತು ನಿಮಿಷ ಸಾಕು, ದಯವಿಟ್ಟು ಕಟ್ಟಬೇಡಿ.

ವೈರು, ಫೇಸಿಂಗು, ಕಾರ್ಬನ್ನು, ಗ್ರಾಫೈಟು ಎಲ್ಲ ಸೇರಿ ನನಗೆ ಮೂರು ಸಾವಿರದೊಳಗೆ ಮುಗಿಯಿತು. ಅದಕ್ಕೂ ಮೊದಲು ಬೇರಿಂಗಿಗೆ, ಆರ್ಮೇಚರಿಗೆ, ಬ್ಲೇಡಿಗೆ ಹೋದದ್ದು ಐದೂವರೆ ಸಾವಿರ. ಈಗ ಶನಿವಾರ ಸಂಜೆ ಅರ್ಧ ಗಂಟೆ ಯಂತ್ರಕ್ಕೆ ಮೀಸಲಿಡುತ್ತೇನೆ, ತಿಂಗಳಿಗೊಮ್ಮೆ ಚೌಕಟ್ಟಿನ ಪರೀಕ್ಷೆ ಮಾಡುತ್ತೇನೆ. ಕರೆಂಟಿಗೂ ಕೋನಕ್ಕೂ ಏನು ಸಂಬಂಧ ಎಂದು ಕೇಳಿದ್ದ ಪಕ್ಕದ ಅಂಗಡಿಯವರೇ ಕಳೆದ ಯುಗಾದಿಯ ಮುಂಚೆ ತಮ್ಮ ಯಂತ್ರವನ್ನು ಹೊತ್ತು ತಂದರು, ಅದರ ಫ್ಲಾಂಜಿನಲ್ಲೂ ಇಂಥದೇ ಚಕ್ಕೆ ಸಿಕ್ಕಿತು. ಈಗ ಹಾಗೆ ತರುವವರಿಂದ ಐನೂರು ರೂಪಾಯಿ ತೆಗೆದುಕೊಳ್ಳುತ್ತೇನೆ, ಹರಿಹರದ ಲೇಥ್ ಖರ್ಚು ಬೇರೆ.