ಜಾನಪದ ರಾಕ್ ತಂಡದ ಹಾಡನ್ನು ಜಗುಲಿಗೆ ಇಳಿಸುವ ಬಗೆ

ಡ್ರಮ್ ಸೆಟ್, ಬೇಸ್ ಮತ್ತು ಎಲೆಕ್ಟ್ರಿಕ್ ಗಿಟಾರುಗಳೊಂದಿಗೆ ಜಾನಪದ ಹಾಡುಗಳನ್ನು ನುಡಿಸುವ ರಾಕ್ ತಂಡವೊಂದು ಶಿರಸಿ ಸೀಮೆಯ ಮನೆಯಂಗಳಕ್ಕೋ ಕಾರವಾರದ ಸಣ್ಣ ಸಭಾಭವನಕ್ಕೋ ಹೊಂದಿಕೊಳ್ಳಬೇಕಾದರೆ, ಆಂಪ್ಲಿಫೈಯರಿನ ಗುಂಡಿ ತಿರುಗಿಸಿ ಸದ್ದು ತಗ್ಗಿಸಿದರೆ ಸಾಲದು. ಯಾವ ವಾದ್ಯ ಯಾವಾಗ ಸುಮ್ಮನಿರಬೇಕು ಎಂಬುದನ್ನು ಪ್ರತಿ ಹಾಡಿಗೂ ಹೊಸದಾಗಿ ನಿಶ್ಚಯಿಸಬೇಕಾಗುತ್ತದೆ.

ಮೊದಲು ಶ್ರುತಿಯನ್ನು ಗೊತ್ತುಮಾಡಿಕೊಳ್ಳಿ. ರಾಕ್ ತಂಡಗಳಲ್ಲಿ ಶ್ರುತಿ ಸಾಮಾನ್ಯವಾಗಿ ಗಿಟಾರಿನ ಅನುಕೂಲಕ್ಕೆ ತಕ್ಕಂತೆ ನಿಂತಿರುತ್ತದೆ. ಡ್ರಮ್ಮಿನ ಅಬ್ಬರದ ಮೇಲೆ ಕೇಳಿಸುವುದಕ್ಕಾಗಿ ಗಾಯಕರೂ ಗಂಟಲು ಏರಿಸುತ್ತಾರೆ. ಗಾಯಕರನ್ನು ಕೂರಿಸಿ, ಯಾವ ವಾದ್ಯವೂ ಇಲ್ಲದೆ, ಮಾತಿನಷ್ಟೇ ಸದ್ದಿನಲ್ಲಿ ಇಡೀ ಹಾಡನ್ನು ಹಾಡಿಸಿ, ಸ್ವರ ಎಲ್ಲಿ ನಿಲ್ಲುತ್ತದೆಂದು ಹಾರ್ಮೋನಿಯಮ್ಮಿನಲ್ಲಿ ನೋಡಿಕೊಳ್ಳಿ. ಅದು ಕಪ್ಪು ಒಂದಕ್ಕೆ (ಸಿ ಶಾರ್ಪ್) ನಿಂತರೆ, ಎಲೆಕ್ಟ್ರಿಕ್ ಬದಲು ತಂದ ಎರಡು ಮರದ ಗಿಟಾರುಗಳಲ್ಲಿ ಒಂದರ ಮೊದಲ ಮನೆಗೆ (ಫ್ರೆಟ್) ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಯಾಪೋ ಹಾಕಿ ಸಿ ಆಕಾರದ ಸ್ವರಮೇಳವನ್ನೂ (ಕಾರ್ಡ್), ಇನ್ನೊಂದರ ನಾಲ್ಕನೆಯ ಮನೆಗೆ ಹಾಕಿ ಎ ಆಕಾರವನ್ನೂ ಹಿಡಿಯಬಹುದು. ಆಗ ಎರಡು ಗಿಟಾರುಗಳೂ ಒಂದೇ ಜಾಗದಲ್ಲಿ ಗುದ್ದಾಡದೆ, ಒಂದು ಕೆಳಗೂ ಒಂದು ಮೇಲಕ್ಕೂ ಕೇಳಿಸುತ್ತವೆ. 2017ರಲ್ಲಿ ಪದ್ಮಶ್ರೀ ಪಡೆದ ಅಂಕೋಲೆಯ ಹಾಲಕ್ಕಿ ಜನಪದ ಗಾಯಕಿ ಸುಕ್ರಿ ಬೊಮ್ಮಗೌಡರ ಹಾಡಿಕೆಯ ಧ್ವನಿಮುದ್ರಣಗಳನ್ನು ಕೇಳಿದವರಿಗೆ, ಇಂಥ ಹಾಡಿಗೆ ಹೆಚ್ಚು ಸ್ವರಮೇಳಗಳು ಬೇಕಿಲ್ಲವೆಂಬುದು ಬೇಗ ಹೊಳೆಯುತ್ತದೆ. ಎರಡು ಸಾಕು, ನಾಲ್ಕಾದರೆ ಹಾಡು ಬೇರೆ ಊರಿನದಾಗಿಬಿಡುತ್ತದೆ.

ತಾಳದ ವಿಷಯ ಹೆಚ್ಚು ಎಚ್ಚರ ಬೇಡುತ್ತದೆ. ಡ್ರಮ್ ಸೆಟ್ಟಿನ ಬದಲು ಮೇಲೆ ಕುಳಿತು ಕೈಯಿಂದ ಬಾರಿಸುವ ಕಹೋನ್ ಪೆಟ್ಟಿಗೆ ತರುವುದು ಸುಲಭದ ದಾರಿಯಾದರೂ, ಹಾಲಕ್ಕಿ ಒಕ್ಕಲಿಗರ ಚರ್ಮ ಬಿಗಿದ ಮಡಕೆ ವಾದ್ಯ ಗುಮಟೆ ಕೈಯಳತೆಯಲ್ಲಿರುವಾಗ ಅದರ ಅಗತ್ಯ ನನಗೆ ಕಾಣುವುದಿಲ್ಲ. ಒಂದು ಕೈಯಿಂದ ಚರ್ಮವನ್ನು ಬಾರಿಸುತ್ತ, ಇನ್ನೊಂದು ಕೈಯಿಂದ ಮಡಕೆಯ ತೆರೆದ ಬಾಯಿಯನ್ನು ಮುಚ್ಚಿ ತೆರೆದರೆ ನಾದ ಏರಿಳಿಯುತ್ತದೆ. ಹೀಗಾಗಿ ಬೇಸ್ ಗಿಟಾರಿನ ಕೆಲಸದಲ್ಲಿ ಒಂದು ಪಾಲನ್ನೂ ಅದೇ ಮಾಡುತ್ತದೆ. ಬೇಸಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ, ಗಿಟಾರಿನದು ಸುಮಾರು 82ರಲ್ಲಿ ಮಿಡಿಯುತ್ತದೆ. ಸಣ್ಣ ಕೋಣೆಯಲ್ಲಿ ಆ ಕೆಳಗಿನ ನಾದ ಗೋಡೆಗಳ ನಡುವೆ ಗುಂಯ್‌ಗುಟ್ಟಿ ಸಾಹಿತ್ಯವನ್ನೇ ನುಂಗುವುದರಿಂದ, ಬೇಸನ್ನು ಮನೆಯಲ್ಲೇ ಬಿಟ್ಟು ಗಿಟಾರಿನ ಹೆಬ್ಬೆರಳ ಮೀಟಿಗೆ ಆ ಹೊಣೆ ಒಪ್ಪಿಸುವುದು ಮೇಲು. ಗುಮಟೆ ಕೊಳ್ಳುವಾಗ ಮೇಕೆ ಚರ್ಮದ್ದನ್ನೇ ಕೊಳ್ಳಿ; ಹಿಂದೆ ಬಳಸುತ್ತಿದ್ದ ಉಡದ ಚರ್ಮಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆಯಿದೆ. ಶ್ರುತಿಗೆ ಸೇರಿಸಿಕೊಳ್ಳಬಹುದಾದ ಮದ್ದಳೆಯೂ ಹೊಂದುತ್ತದೆ, ಚಂಡೆ ಮಾತ್ರ ಬಯಲಿನ ವಾದ್ಯ.

ಮೈಕ್ ಒಂದೇ ಇರಲಿ. ದೊಡ್ಡ ಪೊರೆಯ (ಡಯಾಫ್ರಮ್) ಕಂಡೆನ್ಸರ್ ಮೈಕಿನ ಮುಂದೆ ಗಾಯಕರು ಹತ್ತಿರ, ಗಿಟಾರಿನವರು ಅವರ ಪಕ್ಕ, ಗುಮಟೆಯವರು ಇನ್ನಷ್ಟು ಹಿಂದೆ ಅರ್ಧಚಂದ್ರಾಕಾರವಾಗಿ ಕೂರಬೇಕು. ದೂರ ಎರಡು ಪಟ್ಟಾದರೆ ನೇರವಾಗಿ ತಲುಪುವ ಸದ್ದು ಸುಮಾರು 6 ಡೆಸಿಬಲ್ ಇಳಿಯುವುದರಿಂದ, ಮಿಕ್ಸರಿನ ಕೆಲಸವನ್ನು ಚಾಪೆ ಎಳೆದೇ ಮಾಡಬಹುದು. ಸ್ಪೀಕರುಗಳು ಮೈಕಿಗಿಂತ ಮುಂದಿರಬೇಕು, ಇಲ್ಲವಾದರೆ ಕುಂಯ್‌ಗುಡುವುದು ಖಂಡಿತ.

ಕರಾವಳಿಯ ತೇವವನ್ನು ಮರೆಯಬಾರದು. ಮರದ ಗಿಟಾರಿಗೆ ಶೇಕಡಾ 45ರಿಂದ 55ರ ಆರ್ದ್ರತೆ ಹಿತ. ಮಳೆಗಾಲದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿರುವ ಕಾರಣ ಮೇಲ್ಹಲಗೆ ಉಬ್ಬಿ ತಂತಿಗಳು ಎತ್ತರವಾಗುತ್ತವೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಅದನ್ನು ಆಗಾಗ ಬಿಸಿಮಾಡಿ ಒಣಗಿಸಿಕೊಳ್ಳಿ. ಸಡಿಲಗೊಂಡ ಗುಮಟೆಯನ್ನು ಕೆಂಡದಿಂದ ದೂರ ಹಿಡಿದು ಕಾಯಿಸಿ, ಆಮೇಲೆ ಗಿಟಾರನ್ನು ಶ್ರುತಿ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನಡಿ ಕಾರ್ಯಕ್ರಮಕ್ಕೆ ಕರೆದರೆ, ಹೆಂಚಿನ ಮಾಡಿನ ಜಗುಲಿ ಇದೆಯೇ ಎಂದು ಮೊದಲೇ ವಿಚಾರಿಸಿ.